ಚಿಪ್ಸ್ ಪ್ಯಾಕೆಟ್ ಕೆಳಗೆ ಬಂತು, ಬೆಂಕಿಯ ಗುರುತು ಮೇಲೇ ಉಳಿಯಿತು

ಹಿಂದೊಮ್ಮೆ ಜನವರಿಯಲ್ಲಿ ಕೊಡಗಿನ ತಡಿಯಂಡಮೋಳ್ ಬೆಟ್ಟದಿಂದ ಇಳಿದು ಬರುತ್ತಿದ್ದ ಒಂದು ಗುಂಪು ಸಿಕ್ಕಿತ್ತು. ಐದು ಜನ, ಬೆಂಗಳೂರಿನ ಹುಡುಗರು. ಒಬ್ಬನ ಬ್ಯಾಗಿಗೆ ದೊಡ್ಡ ಕಪ್ಪು ಕವರ್ ಕಟ್ಟಿತ್ತು. ಅದರ ತುಂಬ ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್, ಬಿಸ್ಕತ್ತಿನ ಕವರ್. ತಮ್ಮ ಕಸದ ಜೊತೆಗೆ ದಾರಿಯಲ್ಲಿ ಬೇರೆಯವರು ಎಸೆದದ್ದನ್ನೂ ಆರಿಸಿಕೊಂಡು ಬಂದಿದ್ದರು. ನನಗೆ ಖುಷಿಯಾಯಿತು. ನಾಲ್ಕುನಾಡು ಅರಮನೆಯ ಹತ್ತಿರ ಕೂತು ಮಾತಾಡಿದೆವು.

ಹಿಂದಿನ ರಾತ್ರಿ ಅವರು ಒಂದು ಎಸ್ಟೇಟಿನ ಅಂಚಿನಲ್ಲಿ ಟೆಂಟ್ ಹಾಕಿದ್ದರಂತೆ. ಫೋಟೊ ತೋರಿಸಿದರು. ಮರದ ಬುಡಕ್ಕೇ ಹಚ್ಚಿದ ದೊಡ್ಡ ಬೆಂಕಿ. ಕೆಳಗೆ ಹುಲ್ಲು. ಹತ್ತು ಹೆಜ್ಜೆ ದೂರದಲ್ಲಿ ತೋಡು, ಅಂದರೆ ಸಣ್ಣ ಹಳ್ಳ. ಆ ತೋಡಿನಲ್ಲೇ ಸೋಪು ಹಾಕಿ ಪಾತ್ರೆ ತೊಳೆಯುತ್ತಿರುವ ಇನ್ನೊಂದು ಫೋಟೊ. ಕಸ ಆರಿಸಿಕೊಂಡು ಬಂದ ಅದೇ ಕೈಗಳು!

ಬೆಟ್ಟ ಹತ್ತುವವರನ್ನು ಒಳ್ಳೆಯವರು, ಕೆಟ್ಟವರು ಎಂದು ಎರಡು ಪಾಲು ಮಾಡುವುದು ನಮಗೆಲ್ಲ ಅಭ್ಯಾಸ. 'ಈ ಟೂರಿಸ್ಟುಗಳೇ ಹೀಗೆ' ಎಂದು ಬೈದು ಮುಗಿಸುತ್ತೇವೆ. ಆದರೆ ಆ ಐವರನ್ನು ಯಾವ ಪಾಲಿಗೆ ಸೇರಿಸುವುದು? ಒಂದು ವಿಷಯದಲ್ಲಿ ಅಷ್ಟು ಕಾಳಜಿ ಇದ್ದವರು ಇನ್ನೊಂದರಲ್ಲಿ ಯಾಕೆ ಹಾಗೆ ಮಾಡಿದರು? ಕಾಡಿನಲ್ಲಿ ಉಳಿಯುವವರು ಗುರುತು ಬಿಡದೆ ಬರಬೇಕೆಂದರೆ ಅವರ ಮನಸ್ಸಿನಲ್ಲಿ ಏನಾಗಬೇಕು? ಇದರ ಬಗ್ಗೆ ಸುಮಾರು ಐವತ್ತು ವರ್ಷಗಳಿಂದ ಅಧ್ಯಯನ ನಡೆಯುತ್ತಿದೆ. ಅದರಲ್ಲಿ ಬಹುಪಾಲು ಅಮೆರಿಕದ ಕಾಡುಗಳಲ್ಲಿ ನಡೆದದ್ದು. ಆದರೂ ಈ ಬೆಟ್ಟದ ಬುಡದ ಕಕ್ಕಬ್ಬೆಯಲ್ಲಿ ಕೂತು ಓದಿದರೆ ನಮ್ಮ ಬೆಟ್ಟದ ಕಥೆಯೇ ಕಾಣುತ್ತದೆ.

ಮೊದಲು ನಿಯಮಗಳ ವಿಚಾರವನ್ನು ಬೇಗ ಮುಗಿಸಿಬಿಡೋಣ. ಅಮೆರಿಕದಲ್ಲಿ 1960, 70ರ ದಶಕದಲ್ಲಿ ಬೆನ್ನಿಗೆ ಬ್ಯಾಗ್ ಏರಿಸಿ ಕಾಡಿಗೆ ಹೋಗುವವರ ಸಂಖ್ಯೆ ಒಮ್ಮೆಲೇ ಏರಿತು. ಕಾಡು ಕೆಟ್ಟಿತು. ಅಲ್ಲಿನ ಅರಣ್ಯ ಇಲಾಖೆ ಶುರು ಮಾಡಿದ ತಿಳಿವಳಿಕೆಯ ಕೆಲಸವೇ ಮುಂದೆ 'ಲೀವ್ ನೋ ಟ್ರೇಸ್' ಎಂಬ ಹೆಸರು ಪಡೆಯಿತು. 1994ರಲ್ಲಿ ಅದೇ ಹೆಸರಿನ ಸಂಸ್ಥೆಯೂ ಆಯಿತು. ಅದರ ಏಳು ಸೂತ್ರಗಳು ಇವತ್ತು ಜಗತ್ತಿನ ಚಾರಣಿಗರಿಗೆಲ್ಲ ಗೊತ್ತು. ಮೊದಲೇ ಯೋಚಿಸಿ ಹೊರಡು, ಗಟ್ಟಿ ನೆಲದಲ್ಲೇ ನಡೆ ಮತ್ತು ಮಲಗು, ಕಸವನ್ನೂ ಮಲವನ್ನೂ ಸರಿಯಾಗಿ ವಿಲೇವಾರಿ ಮಾಡು, ಇದ್ದದ್ದನ್ನು ಇದ್ದಲ್ಲೇ ಬಿಡು, ಬೆಂಕಿ ಕಡಿಮೆ ಮಾಡು, ಪ್ರಾಣಿಗಳಿಂದ ದೂರ ಇರು, ಬೇರೆಯವರಿಗೆ ತೊಂದರೆ ಕೊಡಬೇಡ. ಅಷ್ಟೇ. ಐದು ನಿಮಿಷದಲ್ಲಿ ಕಲಿಯಬಹುದು. ಪಾಲಿಸುವುದು ಮಾತ್ರ ಬೇರೆ ವಿಷಯ.

ಗೊತ್ತಿಲ್ಲದೆ ಮಾಡುತ್ತಾರಾ?

'ಜನರಿಗೆ ತಿಳಿವಳಿಕೆ ಇಲ್ಲ, ಹೇಳಿಕೊಟ್ಟರೆ ಸರಿಹೋಗುತ್ತಾರೆ' ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ಅರ್ಧ ನಿಜ.

1987ರಲ್ಲಿ ಗ್ರಾಮನ್ ಮತ್ತು ವ್ಯಾಂಡರ್ ಸ್ಟೂಪ್ ಎಂಬ ಸಂಶೋಧಕರು ಉದ್ಯಾನಗಳಲ್ಲಿ ನಿಯಮ ಮುರಿಯುವವರನ್ನು ಕಾರಣದ ಮೇಲೆ ಬೇರೆ ಬೇರೆ ಮಾಡಿ ನೋಡಿದರು. ಕೆಲವರಿಗೆ ನಿಯಮವೇ ಗೊತ್ತಿಲ್ಲ. ಕೆಲವರಿಗೆ ನಿಯಮ ಗೊತ್ತು, ಮುರಿದರೆ ಏನಾಗುತ್ತದೆ ಎಂದು ಗೊತ್ತಿಲ್ಲ. ಕೆಲವರು ಪಕ್ಕದಲ್ಲಿ ಆಗಲೇ ಬಿದ್ದ ಕಸ ನೋಡಿ ತಾವೂ ಎಸೆಯುತ್ತಾರೆ. ಕೆಲವರು ತಪ್ಪೆಂದು ಒಪ್ಪುತ್ತಾರೆ, 'ಆದರೆ ನನ್ನ ಪರಿಸ್ಥಿತಿ ಬೇರೆ ಇತ್ತು' ಅನ್ನುತ್ತಾರೆ. ಕೆಲವರು ಗೆಳೆಯರ ಮುಂದೆ ಗತ್ತು ತೋರಿಸಲು ಮಾಡುತ್ತಾರೆ. ಬೇಕೆಂದೇ ಹಾಳು ಮಾಡುವವರೂ ಇದ್ದಾರೆ, ಅವರು ಸ್ವಲ್ಪವೇ.

ಈ ಪಟ್ಟಿಯಲ್ಲಿ ತಿಳಿವಳಿಕೆಯ ಬೋರ್ಡು ಯಾರಿಗೆ ನಾಟುತ್ತದೆ? ಮೊದಲ ಇಬ್ಬರಿಗೆ ಮಾತ್ರ. ಗೆಳೆಯರ ಮುಂದೆ ಬಾಟಲಿ ಒಡೆಯುವವನಿಗೆ ಬಾಟಲಿ ಒಡೆಯಬಾರದೆಂದು ಗೊತ್ತು. ಗೊತ್ತಿರುವುದಕ್ಕೇ ಒಡೆಯುವುದು, ಅಲ್ವಾ?

ಎರಡನೆಯವರ ಬಗ್ಗೆ ಸ್ವಲ್ಪ ನಿಲ್ಲಬೇಕು. ನಿಯಮ ಗೊತ್ತು, ಫಲ ಗೊತ್ತಿಲ್ಲ. ಇದರಲ್ಲಿ ನಾನೂ ಇದ್ದೆ. ಎಷ್ಟೋ ವರ್ಷ ಬೆಟ್ಟದ ಮೇಲೆ ಕೂತು ಕಿತ್ತಳೆ ತಿಂದು ಸಿಪ್ಪೆ ಅಲ್ಲೇ ಎಸೆದಿದ್ದೇನೆ. ಕೊಡಗಿನ ಕಿತ್ತಳೆ, ಕೊಡಗಿನ ಮಣ್ಣು, ಕೊಳೆತು ಗೊಬ್ಬರ ಆಗುತ್ತದೆ ಎಂದು ನಂಬಿದ್ದೆ. ಅಂಗಳದ ಗೊಬ್ಬರ ಗುಂಡಿಯಲ್ಲಿ ಬೇಗ ಕರಗುವ ಸಿಪ್ಪೆ, 1,700 ಮೀಟರ್ ಎತ್ತರದ ಗಾಳಿ ಬಿಸಿಲಿನಲ್ಲಿ ಒಣಗಿ ಚಕ್ಕೆಯಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಅಲ್ಲಿಗೆ ಬರುವ ಮಂಗಗಳಿಗೆ ಮನುಷ್ಯ ಅಂದರೆ ತಿಂಡಿ ಎಂಬ ಪಾಠವೂ ಆಗುತ್ತದೆ. ಇದು ತಿಳಿದ ಮೇಲೆ ಎಸೆಯಲು ಕೈ ಬರಲಿಲ್ಲ. ನಿಯಮಕ್ಕಿಂತ ಕಾರಣ ನನ್ನ ಮೇಲೆ ಜಾಸ್ತಿ ಕೆಲಸ ಮಾಡಿತು.

ಒಳ್ಳೆಯ ಮನಸ್ಸೇ ದಾರಿ ತಪ್ಪಿಸುವ ಕಡೆಯೂ ಒಂದಿದೆ. ಟೆಂಟ್ ಹಾಕುವ ಜಾಗದ ವಿಷಯ. 'ಎಲ್ಲರೂ ಹಾಕಿ ಹಾಕಿ ಆ ಜಾಗ ಬೋಳಾಗಿದೆ, ಪಾಪ, ನಾವು ಬೇರೆ ಕಡೆ ಹಾಕೋಣ' ಎಂದು ಹೊಸ ಹುಲ್ಲು ಹುಡುಕಿಕೊಂಡು ಹೋಗುವವರನ್ನು ನೋಡಿದ್ದೇನೆ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಡೇವಿಡ್ ಕೋಲ್, ಜೆಫ್ರಿ ಮರಿಯನ್ ಮುಂತಾದವರು ದಶಕಗಳ ಕಾಲ ಟೆಂಟ್ ಜಾಗಗಳ ಮಣ್ಣು, ಗಿಡ ಅಳೆದು ಕಂಡದ್ದು ತಿರುಗುಮುರುಗು. ನೆಲಕ್ಕೆ ಆಗುವ ಹಾನಿ ರಾತ್ರಿಗಳ ಲೆಕ್ಕದಲ್ಲಿ ಸಮನಾಗಿ ಏರುವುದಿಲ್ಲ. ಮೊದಲ ಕೆಲವು ರಾತ್ರಿಗಳಲ್ಲೇ ದೊಡ್ಡ ಪಾಲು ಹಾನಿ ಆಗಿಹೋಗುತ್ತದೆ. ಹುಲ್ಲು ನೆಲಕಚ್ಚುತ್ತದೆ, ಮಣ್ಣು ಬಿಗಿಯುತ್ತದೆ, ನೀರು ಇಂಗುವುದು ಕಡಿಮೆಯಾಗುತ್ತದೆ. ಆಮೇಲೆ ಅದೇ ಜಾಗದಲ್ಲಿ ನೂರು ಟೆಂಟ್ ಬಿದ್ದರೂ ಹೊಸದಾಗಿ ಕೆಡಲು ಅಲ್ಲಿ ಅಷ್ಟೇನೂ ಉಳಿದಿರುವುದಿಲ್ಲ. ಅಂದರೆ, ಜನ ಹೋಗಿ ಬರುವ ಬೆಟ್ಟದಲ್ಲಿ ಬೋಳಾದ ಜಾಗದಲ್ಲೇ ಟೆಂಟ್ ಹಾಕುವುದು ಒಳ್ಳೆಯದು. ಪಕ್ಕದ ಹಸಿರಿನಲ್ಲಿ ಹಾಕಿದರೆ ಇನ್ನೊಂದು ಬೋಳು ಜಾಗ ಹುಟ್ಟುತ್ತದೆ. ಯಾರೂ ಹೋಗದ ದಟ್ಟ ಕಾಡಾದರೆ ಲೆಕ್ಕ ಬೇರೆ. ಅಲ್ಲಿ ಚದುರಿ ಮಲಗಬೇಕು, ಒಂದೇ ಜಾಗವನ್ನು ಮತ್ತೆ ಮತ್ತೆ ತುಳಿಯಬಾರದು.

ನಮ್ಮಲ್ಲಿ ಇದಕ್ಕೆ ಇನ್ನೊಂದು ತೂಕ ಇದೆ. ಮಳೆ. ಪಶ್ಚಿಮದ ಅಂಚಿನಲ್ಲಿ ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಸುರಿಯುವ ಊರು ಇದು. ಬೋಳಾದ ನೆಲ, ಶಾರ್ಟ್‌ಕಟ್ ಮಾಡಿ ಇಳಿದ ಗೆರೆ, ಎರಡೂ ಜೂನ್ ಬಂದ ಕೂಡಲೇ ನೀರಿನ ಕಾಲುವೆಯಾಗುತ್ತವೆ. ತಡಿಯಂಡಮೋಳ್‌ನ ಏರು ದಾರಿಯಲ್ಲಿ ಮೊಣಕಾಲುದ್ದ ಕೊರೆದುಹೋದ ಗೆರೆಗಳನ್ನು ನೋಡಿರಬಹುದು. ಬೂಟು ಹುಲ್ಲನ್ನು ಕಿತ್ತಿತು, ಉಳಿದದ್ದನ್ನು ಮಳೆ ಕೊರೆಯಿತು. ಇದನ್ನು ಒಮ್ಮೆ ಕೈ ತೋರಿಸಿ ಹೇಳಿದರೆ ಶಾರ್ಟ್‌ಕಟ್ ಹಿಡಿಯುವ ಹುಡುಗರು ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ ಎಂಬುದು ನನ್ನ ಅನುಭವ. ಉಳಿದರ್ಧ ಜನ ಮುಂದೆ ಹೋದವನ ಹಿಂದೆ ಹೋಗುತ್ತಾರೆ.

ಮುಂದೆ ಹೋದವನ ಹಿಂದೆ

ಅಮೆರಿಕದ ಅರಿಜೋನಾದಲ್ಲಿ ಪೆಟ್ರಿಫೈಡ್ ಫಾರೆಸ್ಟ್ ಎಂಬ ರಾಷ್ಟ್ರೀಯ ಉದ್ಯಾನವಿದೆ. ಕೋಟ್ಯಂತರ ವರ್ಷಗಳ ಹಿಂದೆ ಕಲ್ಲಾದ ಮರಗಳು ಅಲ್ಲಿ ಬಿದ್ದಿವೆ. ಬಂದವರೆಲ್ಲ ಒಂದೊಂದು ಚೂರು ಜೇಬಿಗೆ ಹಾಕಿಕೊಂಡು ಹೋಗುತ್ತಾರೆ ಎಂಬುದೇ ಅಲ್ಲಿಯವರ ತಲೆನೋವು. ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡಿನಿ ಮತ್ತು ಜೊತೆಯವರು ಅಲ್ಲಿ ಒಂದು ಪ್ರಯೋಗ ಮಾಡಿದರು. ಗುರುತು ಹಾಕಿದ ಚೂರುಗಳನ್ನು ದಾರಿಯಲ್ಲಿಟ್ಟು ಬೇರೆ ಬೇರೆ ಬೋರ್ಡು ಹಾಕಿ ನೋಡಿದರು. ಒಂದು ಬೋರ್ಡಿನಲ್ಲಿ 'ದಯವಿಟ್ಟು ಒಯ್ಯಬೇಡಿ' ಎಂದಿತ್ತು. ಇನ್ನೊಂದರಲ್ಲಿ 'ಹಿಂದೆ ಬಂದ ತುಂಬಾ ಜನ ಕಲ್ಲುಮರ ಒಯ್ದಿದ್ದಾರೆ, ಇದರಿಂದ ಉದ್ಯಾನದ ಸ್ಥಿತಿಯೇ ಬದಲಾಗಿದೆ' ಎಂದಿತ್ತು. ಎರಡನೆಯದು ಜಾಸ್ತಿ ಮನ ಮುಟ್ಟಬೇಕಿತ್ತು. ಆದರೆ ಮೊದಲ ಬೋರ್ಡಿದ್ದಾಗ ಗುರುತು ಹಾಕಿದ ಚೂರುಗಳಲ್ಲಿ ಶೇ 1.67 ಕಾಣೆಯಾದವು. ಎರಡನೆಯದಿದ್ದಾಗ ಶೇ 7.92.

ಯಾಕೆಂದರೆ ಎರಡನೆಯ ಬೋರ್ಡು ಗೊತ್ತಿಲ್ಲದೆ ಇನ್ನೊಂದು ಸುದ್ದಿ ಹೇಳಿಬಿಟ್ಟಿತು: ಎಲ್ಲರೂ ಒಯ್ಯುತ್ತಾರೆ, ನೀನೊಬ್ಬ ಯಾಕೆ ಬಿಡುತ್ತೀಯ?

ಈಗ ನಮ್ಮ ಪತ್ರಿಕೆಯ ಸುದ್ದಿ, ವಾಟ್ಸಾಪ್‌ನ ವಿಡಿಯೊ ನೆನಪು ಮಾಡಿಕೊಳ್ಳಿ. 'ಮಾಂದಲ್‌ಪಟ್ಟಿಯಲ್ಲಿ ಕಸದ ರಾಶಿ', 'ಪ್ರವಾಸಿಗರ ಹಾವಳಿ'. ಬರೆದವರಿಗೆ ಸಿಟ್ಟಿದೆ, ಆ ಸಿಟ್ಟು ನ್ಯಾಯವೇ. ಆದರೆ ಮುಂದಿನ ವಾರ ಬರುವವನು ಅದರಿಂದ ಕಲಿಯುವುದು, ಅಲ್ಲಿ ಹೋದವರೆಲ್ಲ ಹಾಗೇ ಮಾಡುತ್ತಾರೆ ಎಂಬುದನ್ನು. ಹಾಗೆಂದು ಕಸದ ಸುದ್ದಿ ಬರೆಯಲೇಬಾರದು ಅಂತಲ್ಲ. ಬೆಟ್ಟದ ಬುಡದ ಬೋರ್ಡಿನಲ್ಲಿ ಮಾತ್ರ ಆ ಸುದ್ದಿ ಬೇಡ. 'ಇಲ್ಲಿಗೆ ಬರುವವರು ತಮ್ಮ ಕಸ ತಾವೇ ಕೆಳಗೆ ತರುತ್ತಾರೆ' ಎಂದು ಬರೆದರೆ ಸಾಕು. ಅದು ಸ್ವಲ್ಪವಾದರೂ ನಿಜವಾಗಿರಬೇಕು, ಅಷ್ಟೇ. ಬೋರ್ಡಿನ ಕಾಲ ಬುಡದಲ್ಲೇ ಬಾಟಲಿ ಗುಡ್ಡೆ ಇದ್ದರೆ ಜನ ನಂಬುವುದು ಗುಡ್ಡೆಯನ್ನೇ.

ಹಾಗಾಗಿಯೇ ಬೆಳಗ್ಗೆ ಎದ್ದು ದಾರಿ ಗುಡಿಸುವುದಕ್ಕೆ ಬೆಲೆ ಜಾಸ್ತಿ. ಚೊಕ್ಕ ಜಾಗದಲ್ಲಿ ಮೊದಲ ಕವರ್ ಎಸೆಯಲು ಕೈ ಹಿಂಜರಿಯುತ್ತದೆ. ಕಸ ಇದ್ದ ಜಾಗದಲ್ಲಿ ಅದೇ ಕೈಗೆ ಧೈರ್ಯ. 1990ರಲ್ಲಿ ಚಿಯಾಲ್ಡಿನಿ ಗುಂಪೇ ಕಸದ ಮೇಲೆ ಮಾಡಿದ ಇನ್ನೊಂದಿಷ್ಟು ಪ್ರಯೋಗಗಳಲ್ಲೂ ಇದೇ ಕಂಡಿತು.

2024ರ ಜನವರಿ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಫೋಟೊಗಳು ಎಲ್ಲೆಡೆ ಹರಿದಾಡಿದವು. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ದಾರಿಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಜನ ಕಡಿಮೆ ಮಾಡುವುದರಿಂದ ಮಣ್ಣಿಗೆ ಎಷ್ಟು ಲಾಭ ಎಂಬುದು ಒಂದು ಲೆಕ್ಕ. ಮನಸ್ಸಿನ ಲೆಕ್ಕ ಇನ್ನೊಂದು. ಸಾವಿರ ಜನರ ನಡುವೆ ನಾನು ಎಸೆದ ಕವರ್ ನನ್ನದಲ್ಲ. ಮೂವತ್ತು ಜನರ ನಡುವೆ ಅದು ನನ್ನದೇ. ಮನಶ್ಶಾಸ್ತ್ರಜ್ಞ ಶಾಲೋಮ್ ಶ್ವಾರ್ಟ್ಸ್ 1977ರಲ್ಲಿ ವಿವರಿಸಿದ್ದು ಹೆಚ್ಚುಕಡಿಮೆ ಇದನ್ನೇ. ಒಳಗಿನ ನೀತಿಪ್ರಜ್ಞೆ ಎಲ್ಲರಲ್ಲೂ ಇದೆ, ಆದರೆ ಅದು ಎಚ್ಚರಾಗಲು ಎರಡು ವಿಷಯ ಬೇಕು. ಇದರಿಂದ ಹಾನಿ ಆಗುತ್ತದೆ ಎಂಬ ಅರಿವು ಒಂದು, ಆ ಹಾನಿಗೆ ನಾನೇ ಹೊಣೆ ಎಂಬ ಭಾವನೆ ಇನ್ನೊಂದು. ಜಾತ್ರೆಯಲ್ಲಿ ಎರಡನೆಯದು ಸತ್ತುಹೋಗುತ್ತದೆ.

ಆಗುತ್ತದೆಯೇ, ಆಗುವುದಿಲ್ಲವೇ

ಐಸೆಕ್ ಐಜನ್ ಎಂಬ ಮನಶ್ಶಾಸ್ತ್ರಜ್ಞರು 1991ರಲ್ಲಿ ಬರೆದ ಒಂದು ಸಿದ್ಧಾಂತವನ್ನು ಈ ವಿಷಯದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬಳಸುತ್ತಾರೆ. ಮನುಷ್ಯ ಒಂದು ಕೆಲಸ ಮಾಡಲು ಮನಸ್ಸು ಮಾಡುವುದು ಮೂರು ವಿಷಯ ಕೂಡಿದಾಗ. ಆ ಕೆಲಸ ಒಳ್ಳೆಯದು ಅನ್ನಿಸಬೇಕು. ತನಗೆ ಬೇಕಾದವರು ಅದನ್ನು ಮೆಚ್ಚುತ್ತಾರೆ ಅನ್ನಿಸಬೇಕು. ತನ್ನಿಂದ ಅದು ಆಗುತ್ತದೆ ಅನ್ನಿಸಬೇಕು. ಮೊದಲ ಎರಡರ ಬಗ್ಗೆ ನಾವು ತುಂಬಾ ಭಾಷಣ ಮಾಡುತ್ತೇವೆ. ಮೂರನೆಯದನ್ನು ಮರೆಯುತ್ತೇವೆ.

ಆ ಐದು ಹುಡುಗರ ಗುಟ್ಟು ಇರುವುದು ಇಲ್ಲೇ. ಕಸ ಹೊತ್ತು ತರುವುದು ಸುಲಭ, ನಾಲ್ಕು ಜನಕ್ಕೆ ಕಾಣುತ್ತದೆ, ಕಂಡವರು ಶಹಬ್ಬಾಸ್ ಅನ್ನುತ್ತಾರೆ, ಫೋಟೊಗೂ ಚೆನ್ನ. ಬೆಂಕಿ ಬಿಡುವುದು ಕಷ್ಟ. ಜನವರಿಯ ಚಳಿ. ಬೆಂಕಿ ಇಲ್ಲದಿದ್ದರೆ ಕ್ಯಾಂಪ್ ಅಂತ ಯಾರು ಅನ್ನುತ್ತಾರೆ? ಅಡುಗೆಗೆ ಗ್ಯಾಸ್ ಸ್ಟೌವ್ ಇತ್ತು ಅವರ ಹತ್ತಿರ. ಬೆಂಕಿ ಬೇಕಾಗಿದ್ದು ಸುತ್ತ ಕೂರುವುದಕ್ಕೆ. ಅಂಥವರ ಹತ್ತಿರ ಮಣ್ಣಿನ ಸೂಕ್ಷ್ಮಜೀವಿಗಳ ಬಗ್ಗೆ, ಒಣ ಕೊಂಬೆಯಲ್ಲಿ ಬದುಕುವ ಹುಳಗಳ ಬಗ್ಗೆ ಮಾತಾಡಿ ಏನೂ ಆಗುವುದಿಲ್ಲ. ಸುತ್ತ ಕೂರಲು ಬೇರೆ ಏನಾದರೂ ಕೊಡಬೇಕು. ಕಲ್ಲು ಕಟ್ಟಿದ ಒಂದೇ ಒಲೆ, ಹೊರಗಿಂದ ತಂದ ಸೌದೆ, ಮಲಗುವ ಮುಂಚೆ ನೀರು ಸುರಿದು ಕೈಯಿಟ್ಟು ನೋಡುವ ಪಾಠ. ಇಲ್ಲವೇ ನಡುವೆ ಒಂದು ಲಾಟೀನು. ಪುಷ್ಪಗಿರಿ, ಬ್ರಹ್ಮಗಿರಿಯಂಥ ವನ್ಯಜೀವಿ ಧಾಮದ ಒಳಗೆ ಆ ಚರ್ಚೆಯೂ ಇಲ್ಲ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಸುಮ್ನೆ ಹೋಗಿ ಉಳಿಯುವಂತಿಲ್ಲ. ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ತಡೆಯುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಒಣಗಿದ ಗುಡ್ಡದ ಹುಲ್ಲು ಹೊತ್ತಿಕೊಂಡರೆ ಗುಡ್ಡಗಳ ಸಂದಿನ ನಿತ್ಯಹಸಿರು ಶೋಲಾ ಕಾಡಿನ ಅಂಚಿನವರೆಗೂ ಓಡುತ್ತದೆ. ಒಮ್ಮೆ ಅದನ್ನು ಸೊಪ್ಪಿನ ಕೊಂಬೆಯಿಂದ ಬಡಿದು ಆರಿಸಿದವರಿಗೆ ಮತ್ತೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಯಾರೂ ಮಾತಾಡದ ವಿಷಯ. ಬೆಳಗ್ಗೆ ಕಾಡಿಗೆ 'ಹೋಗಿ ಬರುವುದು'.

ನಿಯಮ ಸರಳವಾಗಿದೆ. ನೀರಿನಿಂದ, ದಾರಿಯಿಂದ, ಟೆಂಟಿನಿಂದ ಸುಮಾರು 60 ಮೀಟರ್ ದೂರ ಹೋಗಬೇಕು. 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೆಗೆಯಬೇಕು. ಆಮೇಲೆ ಮುಚ್ಚಬೇಕು. ಮೇಲ್ಮಣ್ಣಿನಲ್ಲೇ ಕೊಳೆಸುವ ಜೀವಿಗಳು ಜಾಸ್ತಿ ಇರುವುದರಿಂದ ತೀರಾ ಆಳವೂ ಬೇಡ. ಇದು ನಮ್ಮ ಕ್ಯಾಂಪುಗಳಲ್ಲಿ ಯಾಕೆ ನಡೆಯುವುದಿಲ್ಲ? ಜನ ಅಸಡ್ಡೆ ಎಂದು ನಾನೂ ತಿಳಿದಿದ್ದೆ. ಆಮೇಲೆ ಹೊಳೆಯಿತು. ಆ ನಿಯಮ ಬರೆದವರು ಕಾಗದ ಬಳಸುವವರು. ನಾವು ನೀರು ಬಳಸುವವರು. ನೀರು ಬೇಕೆಂದರೆ ತೋಡಿನ ಹತ್ತಿರವೇ ಕೂರುತ್ತೇವೆ! ನೀರಿನಿಂದ ದೂರ ಹೋಗು ಎಂದರೆ ನಮ್ಮವರ ಕಿವಿಗೆ ಅದು ಆಗದ ಮಾತಾಗಿ ಕೇಳುತ್ತದೆ. 'ಒಂದು ಬಾಟಲಿ ನೀರು ತುಂಬಿಕೊಂಡು ದೂರ ಹೋಗು, ಜೊತೆಗೆ ಈ ಕೈಗುದ್ದಲಿ ಹಿಡಿ' ಎಂದು ಯಾರೂ ಪೂರ್ತಿ ಹೇಳಿರುವುದಿಲ್ಲ. ಕೆಳಗಿನ ಗದ್ದೆಯವರು ಅದೇ ತೋಡಿನ ನೀರು ಬಳಸುತ್ತಾರೆ. ಆಮೇಲೆ ಅದು ಹೋಗಿ ಸೇರುವುದು ಕಾವೇರಿಗೆ. ಅಂದರೆ ಬೆಂಗಳೂರಿನಿಂದ ಬಂದವನು ತನ್ನ ಮನೆಯ ನಲ್ಲಿಯ ಮೇಲುಗಡೆಯೇ ಕೂತಿರುತ್ತಾನೆ. ಇದನ್ನು ಹೇಳಿದಾಗ ನಗುತ್ತಾರೆ. ನಕ್ಕು ಆದ ಮೇಲೆ ಎದ್ದು ದೂರ ಹೋಗುತ್ತಾರೆ.

ಹೆಣ್ಣುಮಕ್ಕಳ ಪ್ಯಾಡಿನ ವಿಷಯ ಇನ್ನೂ ಕಷ್ಟ. ಅದನ್ನು ಹೂಳಬಾರದು, ಹಂದಿ, ನರಿ ಕೆದಕಿ ತೆಗೆಯುತ್ತವೆ. ಸುಟ್ಟರೆ ಪೂರ್ತಿ ಸುಡುವುದಿಲ್ಲ. ಎರಡು ಕವರಿನಲ್ಲಿ ಸುತ್ತಿ ಹಿಂದಕ್ಕೆ ತರಬೇಕು. ಆದರೆ ಗುಂಪಿನ ಲೀಡರ್ ಹುಡುಗನಿಗೆ ಹೇಳಲು ನಾಚಿಕೆ, ಹುಡುಗಿಗೆ ಕೇಳಲು ನಾಚಿಕೆ. ಎಲ್ಲರಿಗೂ ಹೊರಡುವ ಮುಂಚೆ ಒಂದೊಂದು ಗಟ್ಟಿ ಕಪ್ಪು ಕವರ್ ಕೊಟ್ಟು, 'ಯಾವುದಕ್ಕೆ ಬೇಕಾದರೂ' ಎಂದು ಹೇಳಿದರೆ ಮುಗಿಯಿತು. ಭಾಷಣ ಮಾಡಲಾಗದ್ದನ್ನು ಒಂದು ಕವರ್ ಮಾಡುತ್ತದೆ.

ಅಮೆರಿಕದ ಉದ್ಯಾನಗಳಲ್ಲಿ ನಡೆದ ಅಧ್ಯಯನಗಳೂ ಈ ಕಡೆಗೇ ಬೆರಳು ತೋರಿಸುತ್ತವೆ. 'ನನಗೆ ಪರಿಸರದ ಕಾಳಜಿ ಇದೆ' ಎನ್ನುವವರು ಎಲ್ಲ ನಿಯಮವನ್ನೂ ಪಾಲಿಸುತ್ತಾರೆ ಎಂದೇನಿಲ್ಲ. ಒಂದೊಂದು ನಿಯಮಕ್ಕೂ ಅವರ ಮನಸ್ಸು ಬೇರೆ ಬೇರೆ. ಈ ಕೆಲಸದಿಂದ ನಿಜವಾಗಿ ಪ್ರಯೋಜನ ಇದೆ ಎಂಬ ನಂಬಿಕೆ ಇದ್ದಲ್ಲಿ ಪಾಲಿಸುವ ಮನಸ್ಸು ಹೆಚ್ಚು.

ದಂಡ ಹಾಕಿದರೆ?

'ಸಾವಿರ ರೂಪಾಯಿ ದಂಡ ಹಾಕಿ, ತಾನಾಗಿ ಸರಿಹೋಗುತ್ತಾರೆ.' ಈ ಮಾತನ್ನು ಚಹಾ ಅಂಗಡಿಯಲ್ಲಿ ದಿನಾ ಕೇಳುತ್ತೇನೆ. ದಂಡ ಬೇಡ ಎಂದು ನಾನು ಹೇಳುವುದಿಲ್ಲ. ಬೇಕೆಂದೇ ಹಾಳು ಮಾಡುವವನಿಗೆ ಬೇರೆ ಭಾಷೆ ಅರ್ಥವಾಗುವುದೂ ಇಲ್ಲ. ಆದರೆ ದಂಡಕ್ಕೆ ಎರಡು ತೊಡಕಿವೆ.

ಇಸ್ರೇಲಿನ ಹೈಫಾ ಊರಿನ ಶಿಶುವಿಹಾರಗಳಲ್ಲಿ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ ಸಣ್ಣ ದಂಡ ಹಾಕಿ ನೋಡಿದರು. ಗ್ನೀಜಿ ಮತ್ತು ರಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು 2000ನೇ ಇಸವಿಯಲ್ಲಿ ಅದರ ಫಲ ಪ್ರಕಟಿಸಿದರು. ತಡವಾಗಿ ಬರುವವರು ಹೆಚ್ಚಾದರು! ಮೊದಲು ಟೀಚರಿಗೆ ತೊಂದರೆ ಆಗುತ್ತದೆಂಬ ಸಂಕೋಚ ಇತ್ತು. ದಂಡ ಬಂದ ಮೇಲೆ ಅದೊಂದು ಬೆಲೆಯಾಯಿತು, ದುಡ್ಡು ಕೊಟ್ಟರೆ ತಡ ಮಾಡಬಹುದು. ದಂಡ ತೆಗೆದ ಮೇಲೂ ಹಳೆಯ ಸಂಕೋಚ ವಾಪಸ್ ಬರಲಿಲ್ಲ.

ಇನ್ನೊಂದು ತೊಡಕು ಎವರೆಸ್ಟಿನದು. 2014ರಲ್ಲಿ ನೇಪಾಳ ಒಂದು ನಿಯಮ ತಂದಿತು. ಏರುವ ಮುಂಚೆ 4,000 ಡಾಲರ್ ಠೇವಣಿ ಇಡಬೇಕು, ಇಳಿಯುವಾಗ ತಲಾ 8 ಕಿಲೊ ಕಸ ತಂದರೆ ಹಣ ವಾಪಸ್. ಹತ್ತು ವರ್ಷಕ್ಕೂ ಹೆಚ್ಚು ನಡೆಯಿತು. 2025ರಲ್ಲಿ ಅದನ್ನು ಕೈಬಿಡುವ ನಿರ್ಧಾರವಾಯಿತು. ಕಸ ತರುತ್ತಿದ್ದರು, ಠೇವಣಿಯೂ ವಾಪಸಾಗುತ್ತಿತ್ತು. ಆದರೆ ತರುತ್ತಿದ್ದದ್ದು ಕೆಳಗಿನ ಕ್ಯಾಂಪುಗಳಿಂದ. ನಿಜವಾದ ಕಸ ಇದ್ದದ್ದು ಮೇಲೆ, ನೋಡುವವರು ಯಾರೂ ಇಲ್ಲದ ಕಡೆ. ಕಾಡಿನಲ್ಲಿ ಉಳಿಯುವವರ ವಿಷಯದಲ್ಲಿ ಇದನ್ನು ನೆನಪಿಡಬೇಕು. ಇದು ರಸ್ತೆ ಬದಿಯ ಪಾರ್ಕಿಂಗ್ ಅಲ್ಲ. ಗಾರ್ಡ್ ಎಲ್ಲ ಕಡೆ ಇರಲಾರ. ಯಾರೂ ನೋಡದಿದ್ದಾಗ ಏನು ಮಾಡುತ್ತಾನೆ ಎಂಬುದರ ಮೇಲೇ ಎಲ್ಲ ನಿಂತಿದೆ.

ಕಸದ ಲೆಕ್ಕ ಇಡುವುದೇ ಸುಳ್ಳು ಅಂತಲೂ ಅಲ್ಲ. ಸಿಕ್ಕಿಂನ ಯುಕ್ಸೋಮ್‌ನಲ್ಲಿ ಊರವರೇ ಕಟ್ಟಿಕೊಂಡ ಸಮಿತಿ ಕಾಂಚನಜುಂಗಾ ಕಡೆಗೆ ಹೊರಡುವ ಗುಂಪುಗಳ ಕಸವಾಗಬಹುದಾದ ಸಾಮಾನನ್ನು ಪಟ್ಟಿ ಮಾಡಿ, ವಾಪಸ್ ಬಂದಾಗ ನೋಡುತ್ತದೆ. ಪಟ್ಟಿ ಮಾಡುವವರು ಅದೇ ಊರಿನವರು. ಅವರ ಮುಖ ನೋಡಿಕೊಂಡು ಹತ್ತಿದವನಿಗೆ ಇಳಿಯುವಾಗಲೂ ಅದೇ ಮುಖ ನೋಡಬೇಕಲ್ಲ.

ಕೇಳುವವರು ಯಾರು, ಹೇಗೆ ಕೇಳುತ್ತಾರೆ

ಜಾರ್ಜ್ ವ್ಯಾಲೇಸ್ ಎಂಬವರು 1990ರಲ್ಲಿ ಅರಣ್ಯ ಸಿಬ್ಬಂದಿಗೆ ಒಂದು ಸಲಹೆ ಕೊಟ್ಟರು. ತಪ್ಪು ಮಾಡುವವನ ಮುಂದೆ ಇಲಾಖೆಯ ಅಧಿಕಾರ ತೋರಿಸಬೇಡಿ, ಕಾಡಿನ ಅಧಿಕಾರ ತೋರಿಸಿ. ಕೇಳಲು ಕಾವ್ಯದಂತಿದೆ. ನಡೆಯುವುದು ಹೇಗೆಂದು ಒಮ್ಮೆ ಕಣ್ಣಾರೆ ಕಂಡೆ. ಕುಡಿಯುವ ನೀರಿನ ತೋಡಿನಲ್ಲಿ ಕಾಲು ತೊಳೆಯುತ್ತಿದ್ದ ಹುಡುಗರ ಹತ್ತಿರ ಕಾಡು ಕಾಯುವ ಒಬ್ಬ ವಯಸ್ಸಾದ ವಾಚರ್ ಬಂದು ಕೂತರು.

"ಚಳಿ ಜೋರಲ್ವಾ ಮಕ್ಕಳೇ?"

"ಹೌದಣ್ಣ."

"ಈ ನೀರು ಕೆಳಗೆ ಎರಡು ಮನೆಗೆ ಹೋಗ್ತದೆ. ಪೈಪ್ ನೋಡಿದ್ರಾ ಅಲ್ಲಿ? ಅವರು ಇದನ್ನೇ ಕುಡಿಯುದು. ಬಂಡೆಯ ಆ ಕಡೆ ಇನ್ನೊಂದು ಸಣ್ಣ ನೀರುಂಟು, ಅಲ್ಲಿ ತೊಳೀರಿ."

ಹುಡುಗರು ಎದ್ದರು. ಒಬ್ಬ ಸಾರಿ ಅಂದ. ವಾಚರ್ ನಿಯಮದ ಹೆಸರೇ ಎತ್ತಲಿಲ್ಲ. ಏನಾಗುತ್ತದೆ ಎಂದು ಹೇಳಿದರು, ಪೈಪ್ ತೋರಿಸಿದರು, ಬದಲಿಗೆ ಏನು ಮಾಡಬಹುದೆಂದೂ ಹೇಳಿದರು. ಅರಿವು, ಹೊಣೆ, ಸುಲಭದ ದಾರಿ, ಮೂರೂ ನಾಲ್ಕೈದು ಮಾತಿನಲ್ಲಿ. ಅದೇ ಜಾಗದಲ್ಲಿ 'ಯಾರ್ರೀ ನೀವು, ಫೈನ್ ಹಾಕ್ತೀನಿ' ಎಂದಿದ್ದರೆ ಹುಡುಗರು ಆಗಲೂ ಏಳುತ್ತಿದ್ದರು. ಮುಂದಿನ ತಿರುವಿನಲ್ಲಿ ಮತ್ತೆ ನೀರಿಗೆ ಇಳಿಯುತ್ತಿದ್ದರು ಕೂಡ.

ಕೊಡಗಿನವರು ಇಲ್ಲಿ ದೇವರಕಾಡಿನ ಮಾತು ತೆಗೆಯದೆ ಬಿಡುವುದಿಲ್ಲ. ನಾನೂ ಬಿಡುವುದಿಲ್ಲ. ಈ ಸಣ್ಣ ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಒಳಗೆ ಒಣ ಕಡ್ಡಿಯನ್ನೂ ಮುಟ್ಟಬಾರದೆಂದು ಬೆಳೆದವರು ನಾವು. ಬೋರ್ಡಿಲ್ಲ, ಗಾರ್ಡಿಲ್ಲ, ಯಾರೂ ನೋಡುವುದಿಲ್ಲ. ಆದರೂ ಕೈ ತಡೆಯುತ್ತದೆ. 'ನೋಡಿ, ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು' ಎಂದು ಇಲ್ಲಿಗೇ ಮುಗಿಸಿದರೆ ಚಪ್ಪಾಳೆ ಸಿಗಬಹುದು. ಆದರೆ ಎಷ್ಟೋ ದೇವರಕಾಡುಗಳು ಅಂಚಿನಿಂದ ಕರಗಿ ತೋಟವಾಗಿವೆ. ತೋಟ ಮಾಡಿದವರು ಬೆಂಗಳೂರಿನಿಂದ ಬಂದವರಲ್ಲ. ದೇವರ ಭಯ ಒಂದೇ ಕಾಯಲಿಲ್ಲ. ಊರು ಸೇರಿ ವರ್ಷಕ್ಕೊಮ್ಮೆ ಹಬ್ಬ ಮಾಡುವ, ಊರಿನ ಮುಖ್ಯಸ್ಥರಾದ ತಕ್ಕರು ವಿಚಾರಿಸುವ, ಮಕ್ಕಳು ದೊಡ್ಡವರನ್ನು ನೋಡಿ ಕಲಿಯುವ ಕಾಡುಗಳು ಹೆಚ್ಚು ಉಳಿದಿವೆ ಎಂದು ನನಗೆ ಕಾಣುತ್ತದೆ. ಅಲ್ಲೂ ಕೆಲಸ ಮಾಡಿದ್ದು ಮತ್ತೆ ಅದೇ, ಉಳಿದವರು ಏನು ಮಾಡುತ್ತಾರೆ ಮತ್ತು ಇದು ಯಾರದ್ದು ಎಂಬುದು.

'ನಮ್ಮದು' ಎಂಬ ಭಾವನೆಯೂ ಎರಡು ಅಲಗಿನ ಕತ್ತಿ. ಜಾಗದ ಮೇಲೆ ಪ್ರೀತಿ ಇದ್ದವರು ಅದನ್ನು ಕಾಯುತ್ತಾರೆ, ಹೌದು. ಆದರೆ ತುಂಬಾ ಸಲ ಬಂದವರಿಗೆ, ನಮ್ಮಂಥ ಊರವರಿಗೆ, ನಿಯಮ ಬೇರೆಯವರಿಗೆ ಅನ್ನಿಸಿಬಿಡುತ್ತದೆ. ಕೋಟೆಬೆಟ್ಟದ ಮೇಲೆ ಭಾನುವಾರ ಸಂಜೆ ಖಾಲಿ ಬಾಟಲಿ ಬಿಟ್ಟು ಇಳಿಯುವ ಜೀಪುಗಳ ನಂಬರ್ ಪ್ಲೇಟಿನಲ್ಲಿ ಕೆಎ 12 ಕೂಡ ಇರುತ್ತದೆ. ಅದು ನಮ್ಮ ಮಡಿಕೇರಿಯ ನಂಬರ್.

ಕಕ್ಕಬ್ಬೆ ಕಡೆ ಹೋಂಸ್ಟೇ ನಡೆಸುವ ನನ್ನ ಚಿಕ್ಕಮ್ಮನಿಗೆ ಈ ಸಿದ್ಧಾಂತಗಳ ಹೆಸರೊಂದೂ ಗೊತ್ತಿಲ್ಲ. ಮೊದಲು ಅವರ ಗೇಟಿನಲ್ಲಿ ಕೆಂಪು ಅಕ್ಷರದ ದೊಡ್ಡ ಬೋರ್ಡಿತ್ತು. ಪ್ಲಾಸ್ಟಿಕ್ ಎಸೆಯಬಾರದು, ಬೆಂಕಿ ಹಾಕಬಾರದು, ಗಲಾಟೆ ಮಾಡಬಾರದು, ಹೀಗೆ ಹನ್ನೆರಡು ಬಾರದು. ಒಂದು ಮಳೆಗಾಲದಲ್ಲಿ ಅದು ಬಿದ್ದುಹೋಯಿತು. ಮತ್ತೆ ನಿಲ್ಲಿಸಲಿಲ್ಲ. ಈಗ ತೋಟದಂಚಿನಲ್ಲಿ ಟೆಂಟ್ ಕೇಳಿದವರಿಗೆ ಟೆಂಟಿನ ಜೊತೆ ಒಂದು ಬಕೆಟ್ ಕೊಡುತ್ತಾರೆ. ಅದರಲ್ಲಿ ಎರಡು ಲೀಟರಿನ ನೀರಿನ ಬಾಟಲಿ, ಎರಡು ಕಪ್ಪು ಕವರ್, ಒಂದು ಕೈಗುದ್ದಲಿ. ಗುದ್ದಲಿ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಚಿಕ್ಕಮ್ಮ ನಾಚಿಕೆ ಇಲ್ಲದೆ ಹೇಳುತ್ತಾರೆ, ಕೆಳಗಿನ ಗದ್ದೆಯ ಕಡೆ ಕೈಯನ್ನೂ ತೋರಿಸುತ್ತಾರೆ. ಶುರುವಿನಲ್ಲಿ ಗುದ್ದಲಿ ಹೋದ ಹಾಗೇ ಹೊಳೆಯುತ್ತಾ ವಾಪಸ್ ಬರುತ್ತಿತ್ತು. ಈಗ ಬೆಳಗ್ಗೆ ಬಕೆಟ್ ತೆಗೆದುಕೊಳ್ಳುವಾಗ ಅವರು ಮೊದಲು ನೋಡುವುದು ಅದರ ಬಾಯನ್ನೇ. ಹೆಚ್ಚಿನ ದಿನ ಮಣ್ಣು ಅಂಟಿರುತ್ತದೆ.